ಹೆಪ್ಪು ಯಾರ ಮನೆಯದು?

ಡಿಸೆಂಬರ್ ಕೊನೆಯ ವಾರ. ಜಪಾನಿನ ಶಾಲೆಗಳಿಗೆ ಚಳಿಗಾಲದ ಎರಡು ವಾರ ರಜೆ, ನಮ್ಮ ಕಡೆ ಅಡಿಕೆ ಸುಗ್ಗಿ. ಜಪಾನಿನ ಮತ್ಸುಎ ಎಂಬ ಊರಿನಿಂದ ನಾನು ಸಾಗರದ ಹತ್ತಿರದ ಸೋದರಮಾವನ ಮನೆಗೆ ಬಂದು ಮೂರು ದಿನವಾಗಿತ್ತು. ಸುಲಿಯುವ ಮಶೀನು ಬಂದು ಹೋಗಿ ಆಗಿತ್ತು. ಹಿಂದುಳಿದ ನಾಲ್ಕು ಬುಟ್ಟಿಗಾಗಿ ಮತ್ತೆ ಮಶೀನು ಕರೆಸುವವರು ಯಾರು? ರಾತ್ರಿ ಊಟ ಮುಗಿಸಿ, ಅಂಗಳದ ಚಪ್ಪರಕ್ಕೆ ಒಂದು ಬಲ್ಬು ಇಳಿಬಿಟ್ಟು, ಮೂವರೂ ಒಂದೊಂದು ಮೆಟ್ಟುಗತ್ತಿಯ ಮುಂದೆ ಕೂತೆವು.

ಮಾವ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ 34 ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಇಂಗ್ಲಿಷ್ ಮನೆಮಾತಾಗಿರುವ ಒಬ್ಬನನ್ನೂ ಮುಖಾಮುಖಿ ಕಂಡವರಲ್ಲ. ಅತ್ತೆ ಏಳನೇ ಕ್ಲಾಸು ಪಾಸು. ಕತ್ತಿಯನ್ನು ನೋಡದೆಯೇ ಸುಲಿಯುತ್ತಾರೆ. ನಾನು ಆರು ವರ್ಷದಿಂದ ಮತ್ಸುಎಯಲ್ಲಿ ಹಗಲು ಪ್ರಾಥಮಿಕ ಶಾಲೆಯ ಮಕ್ಕಳಿಗೆ, ವಾರದಲ್ಲಿ ಎರಡು ಸಂಜೆ ಬಡಾವಣೆಯ ಸಮುದಾಯ ಭವನದಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವವಳು. ಆ ರಾತ್ರಿಯ ಮಾತನ್ನು ನೆನಪಿದ್ದಷ್ಟು ಬರೆದಿದ್ದೇನೆ. ನನ್ನ ಪಾಲಿನ ಮಾತು ಆಡಿದ್ದಕ್ಕಿಂತ ಸ್ವಲ್ಪ ಚೆನ್ನಾಗಿ ಬಂದಿದ್ದರೆ ಅದು ಬರೆಯುವವರು ಯಾವಾಗಲೂ ಮಾಡಿಕೊಳ್ಳುವ ಲಾಭ.

ಅತ್ತೆ: ಒಂದು ಕೇಳ್ತೀನಿ, ನಗಬೇಡ. ಇಂಗ್ಲಿಷು ಆ ಮಕ್ಕಳದ್ದಲ್ಲ. ನಿಂದೂ ಅಲ್ಲ. ಆ ಊರಲ್ಲಿ ಇಂಗ್ಲಿಷಿನವರು ಯಾರಾದ್ರೂ ಇದಾರಾ?

ನಾನು: ಹುಡುಕಿದ್ರೆ ನಾಲ್ಕೈದು ಜನ ಸಿಗಬಹುದು.

ಅತ್ತೆ: ಹಾಗಾದ್ರೆ ನೀನು ಯಾರ ಸಾಮಾನನ್ನ ಯಾರಿಗೆ ಕೊಟ್ಟು ಸಂಬಳ ತಗೊಳ್ತಿದೀಯ?

ಮಾವ: ಈ ಪ್ರಶ್ನೆಯನ್ನ ನನಗೂ ಕೇಳಬಹುದಿತ್ತಲ್ಲ ಇಷ್ಟು ವರ್ಷದಲ್ಲಿ?

ಅತ್ತೆ: ನಿಮಗೆ ಸರ್ಕಾರ ಕೊಡ್ತಿತ್ತು. ಸರ್ಕಾರವನ್ನ ಕೇಳೋರ್ಯಾರು?

ನಾನು: ಏನು ಕೊಡ್ತೀನಿ ಅಂತ ಹೇಳ್ತೀನಿ, ಬೆಲೆ ನೀವೇ ಕಟ್ಟಿ. ಅಲ್ಲಿ 2020ರಿಂದ ಐದು ಮತ್ತು ಆರನೇ ತರಗತಿಗೆ ಇಂಗ್ಲಿಷು ಅಂಕ ಇರುವ ವಿಷಯ ಆಗಿದೆ. ಮೂರು, ನಾಲ್ಕಕ್ಕೆ ಅಂಕ ಇಲ್ಲ. ವಾರಕ್ಕೊಂದು ಪಿರಿಯಡ್ಡು ಹಾಡು, ಆಟ, ಚೀಟಿ. 45 ನಿಮಿಷ. ಒಳಗೆ ಕಾಲಿಟ್ಟು 'ಹೌ ಆರ್ ಯೂ?' ಅಂದ್ರೆ ಸಾಕು, 28 ಮಕ್ಕಳೂ ಒಂದೇ ರಾಗದಲ್ಲಿ 'ಐಯಾಮ್ ಫೈನ್ ಥ್ಯಾಂಕ್ಯೂ ಆಂಡ್ ಯೂ?' ಜ್ವರ ಬಂದು ಮಾಸ್ಕು ಹಾಕ್ಕೊಂಡು ಕೂತ ಮಗೂನೂ ಫೈನೇ.

ಮಾವ: ನಮ್ಮಲ್ಲಿ 'ಗುಡ್ ಮಾರ್ನಿಂಗ್ ಸಾ...ರ್'. ಮಧ್ಯಾಹ್ನ ಮೂರಕ್ಕೆ ಹೋದರೂ ಗುಡ್ ಮಾರ್ನಿಂಗೇ. ಅದು ಮಾತಲ್ಲ ಪುಟ್ಟಿ, ಮಂತ್ರ. ಅರ್ಥ ಕೇಳಬಾರದು.

ನಾನು: ಮಂತ್ರ ಒಂದು ದಿನ ತಪ್ಪಿತು. ಹೋದ ವರ್ಷ ಮಳೆಗಾಲದಲ್ಲಿ ಮೂರನೇ ತರಗತಿಯ ಒಬ್ಬಳು, ಕಿಟಕಿ ಪಕ್ಕದ ಬೆಂಚಿನವಳು, ಎಲ್ಲರೂ ರಾಗ ಎಳೆದು ಮುಗಿಸಿದ ಮೇಲೆ ಒಬ್ಬಳೇ ಸಣ್ಣ ದನಿಯಲ್ಲಿ 'ನೋ ಫೈನ್' ಅಂದಳು. ಇಡೀ ಕ್ಲಾಸು ತಿರುಗಿ ನೋಡಿತು. ಅವಳ ಕಿವಿ ಕೆಂಪಾಯ್ತು. ನಾನು ಹತ್ತಿರ ಹೋಗಿ 'ಓ, ಯೂ ಆರ್ ನಾಟ್ ಫೈನ್? ವೈ?' ಅಂದೆ. ಹಣೆ ಮುಟ್ಟಿ ತೋರಿಸಿದಳು. ತಲೆನೋವು.

ಮಾವ: 'ನೋ ಫೈನ್' ತಪ್ಪು. ನಾನಾಗಿದ್ದರೆ ಅರ್ಧ ಅಂಕ ಕತ್ತರಿಸ್ತಿದ್ದೆ.

ನಾನು: ಆ ವರ್ಷ ಆ ಕ್ಲಾಸಿನಲ್ಲಿ ಯಾರಾದರೂ ನಿಜವಾಗಿ ಇಂಗ್ಲಿಷ್ ಮಾತಾಡಿದ್ದು ಅಂತ ಇದ್ರೆ ಅದೇ ಮೊದಲು ಮಾವ. ಉಳಿದ 27 ಜನ ವ್ಯಾಕರಣ ಸರಿಯಾಗಿ ಸುಳ್ಳು ಹೇಳಿದ್ದರು.

ಅತ್ತೆ: ಆಮೇಲೆ?

ನಾನು: ಮುಂದಿನ ವಾರ ಅವಳು ನಗ್ತಾ 'ಐಯಾಮ್ ನಾಟ್ ಫೈನ್' ಅಂದಳು. ಅದರ ಮುಂದಿನ ವಾರದಿಂದ ಎಲ್ಲರೂ ನಾಟ್ ಫೈನ್. ಕ್ಲಾಸ್ ಟೀಚರು ಬಂದು, ನೀವು ಇವರಿಗೆ ಏನು ಕಲಿಸ್ತಿದೀರಿ ಅಂತ ಬಹಳ ವಿನಯದಿಂದ ವಿಚಾರಿಸಿದರು.

ಅತ್ತೆ: ಸಾಮಾನು ಯಾರದ್ದು ಅಂತ ಕೇಳಿದೆನಲ್ಲ, ನಾನೇ ಹೇಳ್ತೀನಿ ಬಿಡು. ಹೋದ ತಿಂಗಳು ನಮ್ಮನೆ ಹೆಪ್ಪು ಕೆಟ್ಟಿತ್ತು. ಕೆಳಗಿನ ಮನೆಯಿಂದ ಒಂದು ಚಮಚ ತಂದೆ. ಬೆಳಿಗ್ಗೆ ಮೊಸರು ಅವರದ್ದಾ, ನಮ್ಮದಾ? ಹಾಲು ನಮ್ಮದು ತಾನೇ? ಒಂದು ವಾರ ಕಳೆದ ಮೇಲೆ ಅವರ ಮನೇಲಿ ಕೆಟ್ಟಿತು, ಇಲ್ಲಿಂದಲೇ ತಗೊಂಡು ಹೋದರು.

ಮಾವ: ಎಲಾ ಇವಳ! ಆದರೆ ಹಾಲು ಇದ್ದರೆ ತಾನೇ ಹೆಪ್ಪು? ಈಗ ನಮ್ಮ ಪೇಟೆಗಳಲ್ಲಿ ನೀರಿಗೆ ಹೆಪ್ಪು ಹಾಕ್ತಿದಾರೆ. ಮಗು ಕನ್ನಡದಲ್ಲಿ ಒಂದು ಕಥೆ ಹೇಳೋಕೆ ಬಾರದು, ಎಲ್.ಕೆ.ಜಿ.ಯಲ್ಲಿ ಇಂಗ್ಲಿಷ್ ಪದ್ಯ ಒಪ್ಪಿಸತ್ತೆ.

ನಾನು: ಹಾಲನ್ನೇ ಚೆಲ್ಲೋಣ ಅಂದವನು ಜಪಾನಿನಲ್ಲೂ ಇದ್ದ. ಮೋರಿ ಅರಿನೋರಿ ಅಂತ. 1872ರಲ್ಲಿ ಅಮೆರಿಕದಲ್ಲಿ ಜಪಾನಿನ ಪ್ರತಿನಿಧಿಯಾಗಿದ್ದಾಗ, ನಮ್ಮ ಭಾಷೆ ಈ ಕಾಲಕ್ಕೆ ಸಾಲದು, ಇಂಗ್ಲಿಷನ್ನೇ ತಂದುಬಿಡೋಣವಾ ಅಂತ ವಿಟ್ನಿ ಎಂಬ ಪಂಡಿತನಿಗೆ ಕಾಗದ ಬರೆದ. ಸಂಸ್ಕೃತ ವ್ಯಾಕರಣ ಬರೆದ ವಿಟ್ನಿಯೇ. ತರುವಾಗ ಸ್ವಲ್ಪ ರಿಪೇರಿ ಮಾಡಿ ತರ್ತೀವಿ, ಲೆಕ್ಕಕ್ಕೆ ಸಿಗದ ಕ್ರಿಯಾಪದಗಳನ್ನೆಲ್ಲ ಒಂದೇ ನಿಯಮಕ್ಕೆ ತರ್ತೀವಿ ಅಂತಾನೂ ಅಂದಿದ್ದ.

ಮಾವ: ಅಂದ್ರೆ ಗೋ, ಗೋಡ್? ಈಟ್, ಈಟೆಡ್?

ನಾನು: ಹೆಚ್ಚು ಕಮ್ಮಿ ಹಾಗೇ.

ಮಾವ: ನನ್ನ ಎಂಟನೇ ಕ್ಲಾಸಿನವರು ಅದನ್ನೇ ಮಾಡ್ತಿದ್ದರಲ್ಲ! ನಾನು ಕೈಗೆ ಹೊಡೀತಿದ್ದೆ. ವಿಟ್ನಿ ಏನಂದ?

ನಾನು: ಎರಡಕ್ಕೂ ಬೇಡ ಅಂದ. ಸ್ವಂತ ಭಾಷೆ ಬಿಟ್ಟರೆ ಕಲಿತವರು ಒಂದು ಕಡೆ, ಉಳಿದ ಜನ ಒಂದು ಕಡೆ ಆಗ್ತಾರೆ ಅನ್ನೋದು ಅವನ ವಾದ. ಇಂಗ್ಲಿಷಿನವನೇ ಬೇಡ ಅಂದ ಮೇಲೆ ಮೋರಿ ಏನು ಮಾಡ್ತಾನೆ? ಅದೇ ಮೋರಿ 1885ರಲ್ಲಿ ಜಪಾನಿನ ಮೊದಲ ಶಿಕ್ಷಣ ಮಂತ್ರಿಯಾದ. ಆದರೆ ಅಲ್ಲಿ ಇವತ್ತಿಗೂ ಡಾಕ್ಟರು ಓದೋದು ಜಪಾನಿಯಲ್ಲಿ, ಎಂಜಿನಿಯರು ಓದೋದು ಜಪಾನಿಯಲ್ಲಿ.

ಮಾವ: ನಮ್ಮ ಪುಣ್ಯ ಬೇರೆ ಥರದ್ದು. ಬಿ.ಎಂ.ಶ್ರೀ ಇಂಗ್ಲಿಷ್ ಪ್ರೊಫೆಸರು. 1911ರಲ್ಲಿ ಧಾರವಾಡದಲ್ಲಿ ನಿಂತು ಅವರು ಹೇಳಿದ್ದು ಕನ್ನಡ ಮಾತು ತಲೆ ಎತ್ತುವ ಬಗೆ. ಅಡಿಗರು, ಅನಂತಮೂರ್ತಿ, ಲಂಕೇಶ್ ಎಲ್ಲ ಹಗಲು ಇಂಗ್ಲಿಷ್ ಮೇಷ್ಟ್ರುಗಳೇ. ಇವಳ ಹೆಪ್ಪಿನ ಮಾತು ಅಲ್ಲಿ ಸರಿಯಾಗಿ ಕೂರತ್ತೆ. ಹಾಲು ಗಟ್ಟಿ ಇತ್ತು.

ಅತ್ತೆ: ಅಷ್ಟು ಹೊತ್ತು ಒಂದೇ ಅಡಿಕೆ ಹಿಡ್ಕೊಂಡು ಕೂತ್ರೆ ಬುಟ್ಟಿ ತುಂಬಲ್ಲ.

(ಮಾವ ಎರಡು ನಿಮಿಷ ಸುಮ್ಮನೆ ಸುಲಿದರು. ಮೇಷ್ಟ್ರಿಗೆ ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ.)

ಮಾವ: ನಿನ್ನನ್ನ ಅವರು ಸುಲಭದಲ್ಲಿ ಒಪ್ಪಿದರಾ? ಬಿಳಿ ಮುಖದವರೇ ಬೇಕು ಅನ್ನಲಿಲ್ವಾ?

ನಾನು: ಮಕ್ಕಳು ಅನ್ನಲಿಲ್ಲ. ಮೊದಲ ವರ್ಷ ನಾನಿದ್ದದ್ದು ಬೇರೆ ಊರಿನ ಒಂದು ಖಾಸಗಿ ಸಂಭಾಷಣೆ ಶಾಲೆಯಲ್ಲಿ. ಅಲ್ಲಿಯ ವ್ಯವಸ್ಥಾಪಕರು ಕರೆದು, ಟೀ ಕೊಟ್ಟು, ಯಾವ ದೇಶ ಅಂತ ಪೋಷಕರು ಕೇಳಿದರೆ 'ಕಾಇಗಾಇ' ಅಂದುಬಿಡಿ ಅಂದರು. ಕಾಇಗಾಇ ಅಂದರೆ ಸಾಗರದಾಚೆ. ನಾನು ಸಾಗರದವಳೇ ಅಲ್ವಾ, ಪೂರ್ತಿ ಸುಳ್ಳೇನಲ್ಲ ಅಂತ ಒಳಗೊಳಗೇ ನಕ್ಕೆ. ರಾತ್ರಿ ರೂಮಿಗೆ ಬಂದ ಮೇಲೆ ನಗು ಬರಲಿಲ್ಲ.

ಅತ್ತೆ: ಟೀ ಕೊಟ್ಟು ಹೇಳಿದ್ರಾ? ಒಳ್ಳೇ ಜನ.

ಮಾವ: ಸಿಟ್ಟು ಬಿಟ್ಟು ಅವರ ಕಡೆಯಿಂದಲೂ ಒಮ್ಮೆ ನೋಡು. ದುಡ್ಡು ಕೊಡೋರು, ಆ ಭಾಷೆಯಲ್ಲೇ ಹುಟ್ಟಿ ಬೆಳೆದವರ ಬಾಯಿಂದ ಕೇಳಬೇಕು ಅಂತ ಬಯಸೋದು ತಪ್ಪಾ? ಜೇನು ಬೇಕಾದವನು ಕಾಡಿನಿಂದ ಇಳಿಸಿದವನ ಹತ್ರ ಕೊಳ್ತಾನೆ, ಅಂಗಡಿಯ ಬಾಟ್ಲಿ ಅಲ್ಲ.

ನಾನು: ಕೇಳೋದಕ್ಕೆ ಸರಿ. ಕಲಿಯೋದಕ್ಕೆ? ಅತ್ತೆ, 'ಹೋದ' ಅನ್ನೋದಕ್ಕೂ 'ಹೋಗಿಬಿಟ್ಟ' ಅನ್ನೋದಕ್ಕೂ ಏನು ವ್ಯತ್ಯಾಸ?

ಅತ್ತೆ: ಹೋದ ಅಂದ್ರೆ ಹೋದ. ಹೋಗಿಬಿಟ್ಟ ಅಂದ್ರೆ... ಹೋಗೇಬಿಟ್ಟ.

ನಾನು: ಅದೇ. ಅತ್ತೆಗಿಂತ ಚೆನ್ನಾಗಿ ಕನ್ನಡ ಆಡೋರು ಈ ಊರಲ್ಲಿಲ್ಲ. ಆದರೆ ಅದು ಅವರಿಗೆ ಕಾಣಿಸೋದಿಲ್ಲ, ಯಾಕಂದ್ರೆ ಅವರು ಅಲ್ಲಿ ಯಾವತ್ತೂ ಬಿದ್ದಿಲ್ಲ. ಮಳೆಗಾಲದಲ್ಲಿ ಅಂಗಳದ ಯಾವ ಕಲ್ಲಿಗೆ ಪಾಚಿ ಕಟ್ಟಿದೆ ಅಂತ ಜಾರಿ ಬಿದ್ದವರಿಗೆ ಗೊತ್ತಿರತ್ತೆ. ಇಂಗ್ಲಿಷಿನ ಪಾಚಿ ಎಲ್ಲೆಲ್ಲಿದೆ ಅಂತ ನನ್ನ ಮೊಣಕಾಲಿಗೆ ಗೊತ್ತು ಮಾವ. ನಿಮ್ಮ ಕ್ಲಾಸಿನಲ್ಲೇ ಬಿದ್ದದ್ದು.

ಮಾವ: ನೀನು 'ದಿ' ಹಾಕದೆ ಬಿಡ್ತಿದ್ದೆ. ಈಗಲೂ ನೆನಪಿದೆ.

ನಾನು: ಅವರೂ ಬಿಡ್ತಾರೆ! ಜಪಾನಿಯಲ್ಲೂ 'ಎ' ಇಲ್ಲ, 'ದಿ' ಇಲ್ಲ, ಕನ್ನಡದ ಹಾಗೇ. ಕ್ರಿಯಾಪದ ಕೊನೆಗೆ, ಕನ್ನಡದ ಹಾಗೇ. ಮೊದಮೊದಲು ಅವರ ಇಂಗ್ಲಿಷಿನ ತಪ್ಪು ನೋಡಿ ಬೆಚ್ಚಿಬೀಳ್ತಿದ್ದೆ, ಎಲ್ಲೋ ನೋಡಿದ ಮುಖ ಅನ್ನೋ ಹಾಗೆ. ಆಮೇಲೆ ಹೊಳೀತು, ಇವು ನನ್ನವೇ ತಪ್ಪುಗಳು. 'ಹೋಗಿಬಿಟ್ಟ' ಅನ್ನೋದಕ್ಕೆ ಅವರು 'ಇತ್ತೆ ಶಿಮತ್ತಾ' ಅಂತಾರೆ, ಹೋಗು ಎಂಬುದರ ಮುಂದೆ ಇನ್ನೊಂದು ಕ್ರಿಯಾಪದ, ನಮ್ಮ 'ಬಿಡು' ಥರದ್ದೇ. 'ತಿಂದು ನೋಡು' ಅನ್ನೋದಕ್ಕೆ 'ತಾಬೆತೆ ಮಿರು'. ತಾಬೆತೆ ಅಂದ್ರೆ ತಿಂದು, ಮಿರು ಅಂದ್ರೆ ನೋಡು. ಇಂಗ್ಲಿಷಿನವನಿಗೆ, ಬಾಯಲ್ಲಿ ಹಾಕಿಕೊಂಡದ್ದನ್ನ ಕಣ್ಣಲ್ಲಿ ಹೇಗೆ ನೋಡ್ತೀರಿ ಅಂತ ಆಶ್ಚರ್ಯ. ಇನ್ನು ಬುಕ್ ಅನ್ನೋದಕ್ಕೆ ಏನಂತಾರೆ ಹೇಳಿ ನೋಡೋಣ?

ಮಾವ: ಏನು?

ನಾನು: ಬುಕ್ಕು.

ಮಾವ: ಹೋಗೇ!

ನಾನು: ಆಣೆಗೂ. ಕಪ್ಪಿಗೆ ಕಪ್ಪು, ಬಸ್ಸಿಗೆ ಬಸು, ಗ್ಲಾಸಿಗೆ ಗುರಾಸು. ಪದ ವ್ಯಂಜನದಲ್ಲಿ ನಿಂತರೆ ಅವರ ನಾಲಗೆಗೂ ಸಮಾಧಾನ ಇಲ್ಲ, ಕೊನೆಗೊಂದು ಸ್ವರ ಬೇಕು. ಇಂಗ್ಲೆಂಡಿನಿಂದ ಬಂದವರು ಇದನ್ನ ಕೇಳಿ ನಗ್ತಾರೆ. ನನಗೆ ನಮ್ಮ ಬಸ್ ಸ್ಟ್ಯಾಂಡು ನೆನಪಾಗತ್ತೆ.

ಮಾವ: ಹಾಗಾದ್ರೆ ಅವರಿಗೂ ನಮಗೂ ಎಲ್ಲೋ ನೆಂಟಸ್ತನ ಇರಬೇಕು.

ನಾನು: ಓನೊ ಸುಸುಮು ಅನ್ನೋ ಪಂಡಿತರು ತಮಿಳಿಗೂ ಜಪಾನಿಗೂ ನಂಟು ಹಚ್ಚಿದ್ದರು. ಭಾಷಾಶಾಸ್ತ್ರದವರು ಹೆಚ್ಚಿನವರು ಒಪ್ಪಿಲ್ಲ. ನನಗೆ ನೆಂಟಸ್ತನ ಬೇಕಾಗಿಲ್ಲ ಮಾವ. ಒಂದೇ ಕಡೆ ಎಡವೋದು ಸಾಕು.

ಅತ್ತೆ: ಎಡವೋದು ಅಂದ್ಯಲ್ಲ, ನಿನ್ನ ಕತ್ತಿ ಅಡಿಕೆಗೇ ತಾಗ್ತಿದೆ. ಸಿಪ್ಪೆಗೆ ಮಾತ್ರ ತಾಗಬೇಕು. ಹೆಬ್ಬೆರಳು ಹಿಂದೆ ತಗೋ.

(ಹೇಳುತ್ತ ಹೇಳುತ್ತ ನನ್ನ ಮುಂದಿನಿಂದ ನಾಲ್ಕು ಅಡಿಕೆ ತೆಗೆದು, ನಿಧಾನವಾಗಿ, ನಾನು ನೋಡುವ ಹಾಗೆ ಸುಲಿದರು. ನನ್ನ ಕೈ ಹಿಡಿಯಲಿಲ್ಲ.)

ಮಾವ: ನಿನ್ನ ಮಾತಲ್ಲಿ ಒಂದು ಮೋಸ ಇದೆ ಪುಟ್ಟಿ. ತಪ್ಪನ್ನ ನೀನು ಮುದ್ದು ಮಾಡ್ತಿದೀಯ. 'ನೋ ಫೈನ್' ಚಂದ, ಗುರಾಸು ಚಂದ. ನಾಳೆ ಆ ಮಗು ಪರೀಕ್ಷೆಗೆ ಕೂರತ್ತೆ, ಕೆಲಸಕ್ಕೆ ಹೋಗತ್ತೆ. ಅಲ್ಲಿ ಕೂತವರಿಗೆ ಚಂದ ಕಾಣಲ್ಲ. ತಿದ್ದದೆ ಬಿಡೋದು ದಯೆ ಅಂತ ನೀವು ಈಗಿನವರು ತಿಳ್ಕೊಂಡಿದೀರಿ. ಅದು ಅಸಡ್ಡೆ.

ನಾನು: ತಿದ್ದಬೇಡಿ ಅನ್ನಲಿಲ್ಲ. ಅವಳನ್ನ ನಾನು ತಿದ್ದಿದೆ. ನಿಲ್ಲಿಸಿ ತಿದ್ದಲಿಲ್ಲ.

ಮಾವ: (ಸ್ವಲ್ಪ ಹೊತ್ತು ಬಿಟ್ಟು) ನಿಲ್ಲಿಸಿ ತಿದ್ದಿದ್ದು ಒಂದು ಇದೆ. ನಿಂಗೆ ಹೇಳಿಲ್ಲ. ಒಬ್ಬ ಹುಡುಗ, ಎಂಟನೇ ಕ್ಲಾಸಿಗೆ ಬಂದ. ಹಕಾರ ಬರ್ತಿರಲಿಲ್ಲ. ಹಾಲಿಗೆ ಆಲು, ಹೌಸಿಗೆ ಔಸು. ಒಂದು ದಿನ ಪಾಠ ಓದಿಸುವಾಗ ಎದ್ದು ನಿಲ್ಲಿಸಿ, ಇಡೀ ಕ್ಲಾಸಿನ ಮುಂದೆ 'ಹೌಸ್' ಅಂತ ಐವತ್ತು ಸಲ ಹೇಳಿಸಿದೆ. ಇಪ್ಪತ್ತರ ಹೊತ್ತಿಗೆ ಎಲ್ಲರೂ ನಗೋಕೆ ಶುರು ಮಾಡಿದ್ರು. ನಾನೂ ನಕ್ಕೆ ಅಂತ ಕಾಣತ್ತೆ. ಆಮೇಲೆ ಮೂರು ವರ್ಷ ಅವನು ನನ್ನ ಪಿರಿಯಡ್ಡಿನಲ್ಲಿ ಬಾಯಿ ಬಿಡಲಿಲ್ಲ. ಈಗ ಸಾಗರದಲ್ಲಿ ಗ್ಯಾರೇಜು ಇಟ್ಟಿದಾನೆ, ಚೆನ್ನಾಗಿ ನಡೀತಿದೆ. ಎದುರಿಗೆ ಸಿಕ್ಕಿದರೆ ನಮಸ್ಕಾರ ಮಾಡ್ತಾನೆ, ಮಾತಾಡ್ತಾನೆ. ಆದರೆ ನನ್ನ ಹತ್ರ ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಟ್ಕೊಳ್ತಾನೆ. ಬೇರೆಯವರ ಹತ್ರ ಇಟ್ಕೊಳ್ಳೋದಿಲ್ಲ. ನಾನು ದೂರ ನಿಂತು ನೋಡಿದೀನಿ.

(ಅತ್ತೆಯ ಕತ್ತಿಯ ಸದ್ದು ಮಾತ್ರ.)

ನಾನು: ನಮ್ಮ ಮತ್ಸುಎಯಲ್ಲಿ ಕೋಟೆಯ ಹತ್ತಿರ ಒಂದು ಹಳೇ ಮನೆ ಇದೆ. 1890ರಲ್ಲಿ ಊರಿಗೆ ಬಂದ ಒಬ್ಬ ಇಂಗ್ಲಿಷ್ ಮೇಷ್ಟ್ರು ಆಮೇಲೆ ಅಲ್ಲಿದ್ದ. ಲಾಫ್ಕಾಡಿಯೊ ಹರ್ನ್. ತಾಯಿ ಗ್ರೀಕ್, ತಂದೆ ಐರಿಷ್. ಅವರ ಲಿಪಿಯಲ್ಲಿ ಹೆಸರು 'ಹೆರುನ್' ಅಂತ ದಾಖಲಾಯ್ತು. ಅವನು ತಿದ್ದಿಸೋಕೆ ಹೋಗಲಿಲ್ಲ, ಹಾಗೇ ಕರೆಸಿಕೊಂಡ. ಕೊಇಜುಮಿ ಸೆತ್ಸು ಎಂಬವಳನ್ನ ಮದುವೆಯಾದ. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಜಪಾನಿ ಅಷ್ಟಕ್ಕಷ್ಟೆ. ವಿಭಕ್ತಿ ಇಲ್ಲ, ಕ್ರಿಯಾಪದದ ರೂಪ ಇಲ್ಲ, ಪದ ಪಕ್ಕ ಪದ ಇಟ್ಟು ಗಂಡ ಹೆಂಡತಿ ಮಾತಾಡ್ತಿದ್ದರು.

ಅತ್ತೆ: ಸಂಸಾರಕ್ಕೆ ಸಾಕು.

ನಾನು: ಬರೀ ಸಂಸಾರ ಅಲ್ಲ ಅತ್ತೆ. ಅವಳು ಹಳೇ ದೆವ್ವದ ಕಥೆಗಳನ್ನ ಹೇಳ್ತಿದ್ದಳು. ಪುಸ್ತಕ ನೋಡಿ ಹೇಳೋ ಹಾಗಿಲ್ಲ, ಅವಳ ಸ್ವಂತ ಮಾತಲ್ಲೇ ಆಗಬೇಕು ಅಂತ ಅವನ ಹಟ. ಅದೇ ಹರುಕು ಮುರುಕು ಭಾಷೆಯಲ್ಲಿ ಕೇಳಿಸಿಕೊಂಡು ಇಂಗ್ಲಿಷಿನ 'ಕ್ವೈದಾನ್' ಬರೆದ. 1904ರಲ್ಲಿ ಅಚ್ಚಾಯ್ತು, ಅದೇ ವರ್ಷ ಅವನು ತೀರಿಕೊಂಡ. ಇವತ್ತಿಗೂ ಓದ್ತಾರೆ.

ಮಾವ: ನೋಡು, ಅಂದ್ರೆ ತಪ್ಪು ಭಾಷೆಯಲ್ಲೂ ದೊಡ್ಡ ಕೆಲಸ ಆಗತ್ತೆ ಅಂತ ನಿನ್ನ ವಾದ.

ನಾನು: ಅಷ್ಟೇ ಆಗಿದ್ರೆ ನಾನು ಈ ಕಥೆ ಈಗ ಹೇಳ್ತಿರಲಿಲ್ಲ. ಅವನ ತಪ್ಪು ಜಪಾನಿಗೆ ಮನೆಯವರು ಒಂದು ಹೆಸರಿಟ್ಟಿದ್ದರು. 'ಹೆರುನ್-ಸಾನ್ ಕೊತೊಬಾ', ಹರ್ನ್ ಅವರ ಭಾಷೆ. ಒಂದು ಭಾಷೆ ಅಂತಲೇ ಕರೆದರು ಮಾವ. ದೊಡ್ಡ ಮನುಷ್ಯ, ಪರದೇಶದ ಮೇಷ್ಟ್ರು. ಅವನು ತಪ್ಪಿದರೆ ಅದು ಮುದ್ದು. ನಿಮ್ಮ ಹುಡುಗ ಆಲು ಅಂದ. ಅವನದ್ದು ಅವರಮ್ಮ, ಅಜ್ಜಿ ಎಲ್ಲ ಆಡೋ ಕನ್ನಡ. ಅದಕ್ಕೆ ಯಾರೂ ಅವನ ಹೆಸರಿಡಲಿಲ್ಲ.

ಮಾವ: ಹೂಂ.

ನಾನು: ನನಗೂ ಅಲ್ಲಿ ಈ ರಿಯಾಯಿತಿ ಇದೆ. ನಾನು ಜಪಾನಿಯಲ್ಲಿ ಏನು ತಪ್ಪಾಡಿದರೂ ಎಷ್ಟು ಚೆನ್ನಾಗಿ ಮಾತಾಡ್ತೀರಿ ಅಂತಾರೆ. ಅದೇ ಮಕ್ಕಳು ಇಂಗ್ಲಿಷಲ್ಲಿ ತಪ್ಪಿದರೆ ಕೆಂಪು ಶಾಯಿ. ತಪ್ಪು ಮಾಡೋಕೂ ಒಂದು ಹಕ್ಕು ಬೇಕು, ಅದು ಎಲ್ಲರ ಹತ್ರ ಇರಲ್ಲ. ಯಾರ ಸಾಮಾನು ಕೊಡ್ತೀಯ ಅಂತ ಅತ್ತೆ ಕೇಳಿದರಲ್ಲ, ಇಂಗ್ಲಿಷು ಪುಸ್ತಕದಲ್ಲೂ ಸಿಗತ್ತೆ, ಮೊಬೈಲಲ್ಲೂ ಸಿಗತ್ತೆ. ನನ್ನ 45 ನಿಮಿಷದಲ್ಲಿ ಕೊಡೋಕೆ ಆಗೋದು ಈ ಹಕ್ಕನ್ನ. ಅದನ್ನೂ ಸಾಲವಾಗಿ, ಬೆಲ್ಲು ಹೊಡೆಯುವ ತನಕ.

ಅತ್ತೆ: ಮಕ್ಕಳ ಕಥೆ ಆಯ್ತು. ದೊಡ್ಡವರು ಯಾಕೆ ಬರ್ತಾರೆ? ಅವರಿಗೇನು ಪರೀಕ್ಷೆಯಾ?

ನಾನು: ಒಬ್ಬೊಬ್ಬರದ್ದು ಒಂದೊಂದು. ಅಂಚೆ ಕಚೇರಿಯಲ್ಲಿದ್ದ ನಿವೃತ್ತರು, ಹೋಟೆಲಿನ ರಿಸೆಪ್ಷನ್ನಿನ ಹುಡುಗಿ, ಮನೆಯಲ್ಲಿ ಹೊತ್ತು ಹೋಗದ ಇಬ್ಬರು ಅಕ್ಕತಂಗಿಯರು. ಮಕ್ಕಳ ಹಾಗಲ್ಲ, ದೊಡ್ಡವರಿಗೆ ಬಾಯಿ ತೆರೆಯೋದೇ ಕಷ್ಟ. ವಾಕ್ಯವನ್ನ ಮನಸ್ಸಿನಲ್ಲೇ ಕಟ್ಟಿ, ಒರೆಸಿ, ಮತ್ತೆ ಕಟ್ಟುವ ಹೊತ್ತಿಗೆ ಎದುರಿನವರು ಬೇರೆ ವಿಷಯಕ್ಕೆ ಹೋಗಿರ್ತಾರೆ. ಒಬ್ಬ ಅಜ್ಜ ಮಾತ್ರ ಬೇರೆ. 84 ವರ್ಷ. ನಮ್ಮೂರ ಶಿಂಜಿ ಸರೋವರದಲ್ಲಿ ಶಿಜಿಮಿ ಅಂತ ಕಪ್ಪು ಸಣ್ಣ ಚಿಪ್ಪು ಸಿಗತ್ತೆ, ಮಂಗಳೂರು ಕಡೆಯ ಮರುವಾಯಿಯ ತಂಗಿ ಅನ್ನಿ. ಬೆಳಗಿನ ಜಾವ ದೋಣಿಯಲ್ಲಿ ಹೋಗಿ, ಉದ್ದ ಗಳದ ತುದಿಯ ಬುಟ್ಟಿಯಿಂದ ನೀರಿನ ತಳ ಬಾಚೋದು. ಆಯಸ್ಸೆಲ್ಲ ಅದನ್ನೇ ಮಾಡಿದವರು. ಕೈಬೆರಳು ಮಡಚಿದ್ದು ಪೂರ್ತಿ ಬಿಚ್ಚಲ್ಲ, ಪೆನ್ಸಿಲ್ಲು ಹಿಡಿಯೋದೂ ಗಳ ಹಿಡಿದ ಹಾಗೆ.

ಮಾವ: ಆ ವಯಸ್ಸಿನವರು ಯುದ್ಧ ನೋಡಿರಬೇಕು. ಇಂಗ್ಲಿಷ್ ಆಗ ಶತ್ರುವಿನ ಭಾಷೆ.

ನಾನು: ಹೌದು, ಬೇಸ್‌ಬಾಲಿನ 'ಸ್ಟ್ರೈಕ್' ಕೂಡ ನಿಷಿದ್ಧ ಆಗಿ 'ಯೋಶಿ' ಅಂತ ಕೂಗ್ತಿದ್ದರಂತೆ. 1945ರ ಆಗಸ್ಟಿನಲ್ಲಿ ಸೋಲೊಪ್ಪಿದರು. 1946ರ ಫೆಬ್ರವರಿಯಲ್ಲಿ ಅದೇ ದೇಶದ ರೇಡಿಯೋದಲ್ಲಿ ದಿನಾ ಇಂಗ್ಲಿಷ್ ಪಾಠ, ಅವರದ್ದೇ ಒಂದು ಮಕ್ಕಳ ಹಾಡಿನ ಮಟ್ಟಿಗೆ ಇಂಗ್ಲಿಷ್ ಮಾತು ಹಾಕಿ. ಅಜ್ಜ ಆಗ ಆರು ವರ್ಷದವರು. ಆ ಮಟ್ಟನ್ನ ಈಗಲೂ ಗುನುಗ್ತಾರೆ. ಭಾಷೆ ಆರು ತಿಂಗಳಲ್ಲಿ ಶತ್ರುವಿಂದ ನೆಂಟ ಆಯ್ತಲ್ಲ ಅಜ್ಜಾ ಅಂದೆ. ಭಾಷೆಗೇನು ಗೊತ್ತು, ಹಸಿವಾಗಿತ್ತು ಅಂದರು.

ಅತ್ತೆ: ಈ ವಯಸ್ಸಲ್ಲಿ ಅವರಿಗೆ ಯಾಕೆ ಬೇಕು?

ನಾನು: ಮೊಮ್ಮಗಳು ಕೆನಡಾದಲ್ಲಿ. ಮರಿಮಗನಿಗೆ ಐದು ವರ್ಷ, ಜಪಾನಿ ಬಾರದು. ಇವರ ರಾತ್ರಿ ಅವನಿಗೆ ಬೆಳಿಗ್ಗೆ, ವಿಡಿಯೊದಲ್ಲಿ ಅವನು ಶಾಲೆಗೆ ಹೊರಡೋದು ಕಾಣತ್ತೆ. ಜಪಾನಿನಲ್ಲಿ ಮನೆ ಬಿಡುವವರು 'ಇತ್ತೆ ಕಿಮಾಸು' ಅಂತಾರೆ. ಇತ್ತೆ, ಹೋಗಿ, ಕಿಮಾಸು, ಬರ್ತೀನಿ.

ಅತ್ತೆ: ಹೋಗಿ ಬರ್ತೀನಿ!

ನಾನು: ಒಂದಕ್ಷರ ಆಚೀಚೆ ಇಲ್ಲ. ಮನೇಲಿರೋರು 'ಇತ್ತೆರಶ್ಶಾಯಿ' ಅನ್ನಬೇಕು. ಹೋಗಿ ಬನ್ನಿ. ಅಜ್ಜನಿಗೆ ಬೇಕಾದದ್ದು ಅದೊಂದೇ ಮಾತು, ಇಂಗ್ಲಿಷಿನಲ್ಲಿ. ನಾನು 'ಸೀ ಯೂ' ಹೇಳಿಕೊಟ್ಟೆ. ಬರಕೊಂಡರು. 'ಟೇಕ್ ಕೇರ್', 'ಹ್ಯಾವ್ ಎ ನೈಸ್ ಡೇ'. ಬರಕೊಂಡರು. ಮೂರನ್ನೂ ನೋಡಿ ಕೇಳಿದರು: ಸೆನ್ಸೇಯ್, ಇದರಲ್ಲಿ ವಾಪಸ್ ಬರೋದು ಎಲ್ಲಿದೆ?

ಅತ್ತೆ: ಅಲ್ಲ, ಇಂಗ್ಲಿಷಲ್ಲಿ ಆ ಮಾತೇ ಇಲ್ವಾ? ಮತ್ತೆ ಆ ಜನ ಮನೆಯಿಂದ ಹೊರಡುವಾಗ ಏನಂತಾರೆ?

ಮಾವ: 'ಬೈ'.

ಅತ್ತೆ: ಅಯ್ಯೋ ಪಾಪ.

ಮಾವ: ಪಾಪ ಯಾಕೆ? ಮಾತಲ್ಲಿ ಇಲ್ಲ ಅಂದ ಮಾತ್ರಕ್ಕೆ ಅವರ ಮನಸ್ಸಲ್ಲೂ ಇಲ್ಲ ಅನ್ನೋ ಹಾಗಿಲ್ಲ. ನಮ್ಮಲ್ಲಿ 'ಪ್ಲೀಸ್'ಗೆ ದಿನಬಳಕೆಯ ಪದ ಇಲ್ಲ. ಹಾಗಂತ ನಾವು ಮರ್ಯಾದೆ ಇಲ್ಲದವರಾ? ನಮ್ಮ ಮರ್ಯಾದೆ 'ಕೊಡಿ'ಯ 'ಇ'ಯಲ್ಲಿದೆ. ಅವರ ಮಗುವೂ ಸಂಜೆ ಮನೆಗೇ ಬರತ್ತೆ.

ನಾನು: ನಾನೂ ಹಾಗೇ ಸಮಾಧಾನ ಹೇಳಿದೆ. ಅಜ್ಜ ಒಪ್ಪಲಿಲ್ಲ. ದೋಣಿ ಹತ್ತಿ ಹೋದ ಅಣ್ಣ ಒಂದು ಸಲ ವಾಪಸ್ ಬರಲಿಲ್ಲವಂತೆ, ಅವರಿಗೆ ಆ ಮಾತು ಬರೀ ಮಾತಲ್ಲ. ನನಗೆ ತೋಚಲಿಲ್ಲ. ನಮ್ಮ ಭಾಷೆಯಲ್ಲಿದೆ ಅಂದು 'ಹೋಗಿ ಬಾ' ಅಂತ ಹೇಳಿ ತೋರಿಸಿದೆ. ಅವರ ಲಿಪಿಯಲ್ಲಿ ಬರೆದುಕೊಂಡರು. 'ಹೋಗಿಬಾ, ಹೋಗಿಬಾ' ಅಂತ ನಾಲ್ಕು ಸಲ ಅಂದರು. ಕೆನಡಾದ ಹುಡುಗ ಈಗ ಅದೂ ಇಂಗ್ಲಿಷೇ ಅಂದ್ಕೊಂಡಿದಾನಂತೆ. ಮೊಮ್ಮಗಳು ಫೋನಲ್ಲಿ ನಕ್ಕಳಂತೆ.

ಮಾವ: ಇಂಗ್ಲಿಷ್ ಕಲಿಸೋಕೆ ಹೋಗಿ ಕನ್ನಡ ಕಲಿಸಿ ಬಂದೆ. ಅದಕ್ಕೂ ಸಂಬಳ.

ನಾನು: ಆ ವಾರದ ವರದಿಯಲ್ಲಿ ಅದನ್ನ ಬರೀಲಿಲ್ಲ ಮಾವ.

ಅತ್ತೆ: ಸಾಕು ಮಾತು, ಹನ್ನೊಂದಾಯ್ತು. ನಿನ್ನ ಬುಟ್ಟಿ ಈಚೆ ತಾ.

(ನನ್ನ ಬುಟ್ಟಿಯಲ್ಲಿ ಅರ್ಧ ಇಡಿ ಅಡಿಕೆ, ಉಳಿದದ್ದೆಲ್ಲ ಕತ್ತಿ ತಾಗಿ ಹೋಳಾದದ್ದು. ಅತ್ತೆ ಇಡಿಯದನ್ನು ತಮ್ಮ ರಾಶಿಗೆ ಸೇರಿಸಿದರು, ಹೋಳನ್ನು ಬೇರೆ ಬುಟ್ಟಿಗೆ ಸುರಿದರು.)

ನಾನು: ಅದನ್ನ ಎಸೀತೀರಾ?

ಅತ್ತೆ: ಎಸೆಯೋದ್ಯಾಕೆ? ಅದೂ ಬೇಯತ್ತೆ, ಒಣಗತ್ತೆ. ರೇಟು ಸ್ವಲ್ಪ ಕಮ್ಮಿ ಅಷ್ಟೆ.

ಮಾವ: (ಎದ್ದು, ಪಂಚೆ ಕೊಡವಿಕೊಂಡು) ನಾಳೆ ಬೆಳಿಗ್ಗೆ ಸಾಗರಕ್ಕೆ ಹೋಗಿ ಬರ್ತೀನಿ. ಗ್ಯಾರೇಜಿಗೆ. ಸ್ಕೂಟರಿನ ಬ್ರೇಕು ಸರಿಯಿಲ್ಲ.

ಅತ್ತೆ: ಹೋದ ವಾರ ತಾನೇ ಬ್ರೇಕು ಹಾಕಿಸ್ಕೊಂಡು ಬಂದ್ರಲ್ರೀ.